ಹೆಸರು ಕೇಳಿದ ಮೇಲೆ

ಕೊಡಗಿನಲ್ಲಿ ಹೊಸಬರ ಪರಿಚಯ ಎರಡು ಪ್ರಶ್ನೆಗಳಲ್ಲಿ ಮುಗಿದುಹೋಗುತ್ತದೆ. ಮೊದಲನೆಯದು ಊರು, ಎರಡನೆಯದು ಮನೆ ಹೆಸರು. ನಾಪೋಕ್ಲಿನ ಬಸ್ ನಿಲ್ದಾಣದಲ್ಲೋ ಸಂತೆಯಲ್ಲೋ ಒಬ್ಬಾತ ತನ್ನ ಮನೆ ಹೆಸರು ಹೇಳಿದರೆ ಸಾಕು. ಅದರ ಕೊನೆಯಲ್ಲಿ ‘ಅಂಡ’ ಇದೆಯೋ, ‘ಇರ’ ಇದೆಯೋ, ‘ಮನೆ’ ಇದೆಯೋ ಎಂಬುದರ ಮೇಲೆ ಆತನ ಜಾತಿ, ನಾಡು, ತೋಟದ ಅಂದಾಜು ಅಳತೆ, ಆಡುವುದು ಹಾಕಿಯೋ ಕ್ರಿಕೆಟ್ಟೋ ಎನ್ನುವುದೆಲ್ಲ ಕೇಳಿದವರಿಗೆ ಹೊಳೆದುಬಿಡುತ್ತದೆ. ಹೇಳಿಕೊಳ್ಳಲು ಮನೆ ಹೆಸರೇ ಇಲ್ಲದವನಾದರೆ ಅದೂ ಒಂದು ಉತ್ತರವೇ.

2024ರ ಬೇಸಿಗೆಯಲ್ಲಿ ನಾಪೋಕ್ಲಿನ ಚೆರಿಯಪರಂಬುವಿನ ಜನರಲ್ ತಿಮ್ಮಯ್ಯ ಮೈದಾನದಲ್ಲಿ ಕುಂಡ್ಯೋಳಂಡ ಕುಟುಂಬದ ಆತಿಥ್ಯದಲ್ಲಿ ಕೊಡವ ಕೌಟುಂಬಿಕ ಹಾಕಿ ಉತ್ಸವ ನಡೆಯಿತು. 360 ಕುಟುಂಬಗಳ ತಂಡಗಳು ಕಣಕ್ಕಿಳಿದವು. ಗಿನ್ನೆಸ್ ದಾಖಲೆಯೂ ಆಯಿತು. ಅದರ ಹಿಂದಿನ ವರ್ಷದ ಅಪ್ಪಚೆಟ್ಟೋಳಂಡ ಕಪ್ ನಡೆದದ್ದೂ ನಾಪೋಕ್ಲಿನಲ್ಲೇ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಕರಡದಲ್ಲಿ 60 ತಂಡಗಳೊಂದಿಗೆ ಆರಂಭಿಸಿದ ಈ ಆಟದಲ್ಲಿ ಅಜ್ಜ, ಸೊಸೆ, ಮೊಮ್ಮಗ ಒಂದೇ ತಂಡದಲ್ಲಿ ಕೋಲು ಹಿಡಿದು ಓಡುತ್ತಾರೆ. ಹೆಣ್ಣು ಗಂಡು ಒಟ್ಟಿಗೆ ಆಡುವ ಇಷ್ಟು ದೊಡ್ಡ ಪಂದ್ಯಾವಳಿ ದೇಶದಲ್ಲಿ ಇನ್ನೆಲ್ಲಿದೆ ಎಂದು ಕೊಡಗಿನವರು ಕೇಳಿದರೆ ಅದು ನ್ಯಾಯವಾದ ಹೆಮ್ಮೆಯೇ. ಇದರ ಮಾದರಿಯಲ್ಲೇ ಅರೆಭಾಷೆ ಗೌಡ ಕುಟುಂಬಗಳಿಗೆ ಅವರದೇ ಕ್ರಿಕೆಟ್ ಕಪ್ ಬಂತು, ಮುಸ್ಲಿಮರಿಗೆ ಅವರದೇ ಕಪ್ ಬಂತು, ಸಣ್ಣ ಸಮುದಾಯಗಳಿಗೂ ಒಂದೊಂದು ಬಂತು. ಮೈದಾನ ಹಲವು ಸಲ ಅದೇ. ಆಡುವವರು ಮಾತ್ರ ಬೇರೆ ಬೇರೆ ವಾರ ಬರುತ್ತಾರೆ.

ಈ ಕಪ್‌ಗಳ ಹಿಂದೆ ಯಾರಿಗೂ ಯಾರ ಮೇಲೂ ದ್ವೇಷವಿಲ್ಲ. ಪೂರ್ವಗ್ರಹದ ಮನಶ್ಶಾಸ್ತ್ರಕ್ಕೆ ಇಂಥ ಜಾಗ ಆಸಕ್ತಿ ಹುಟ್ಟಿಸುವುದೂ ಆ ಕಾರಣಕ್ಕೇ. ಎರಡನೇ ಮಹಾಯುದ್ಧದ ಬೆನ್ನಿಗೆ ಬಂದ ವಿದ್ವಾಂಸರು ಪೂರ್ವಗ್ರಹವನ್ನು ರೋಗಗ್ರಸ್ತ ಮನಸ್ಸಿನ ಲಕ್ಷಣವೆಂದು ಹುಡುಕುತ್ತಿದ್ದರು: ಕಟು ತಂದೆಯ ಶಿಸ್ತಿನಲ್ಲಿ ಬೆಳೆದವನು, ಸರ್ವಾಧಿಕಾರಕ್ಕೆ ತಲೆಬಾಗುವವನು, ಒಳಗಿನ ಸಿಟ್ಟನ್ನು ದುರ್ಬಲರ ಮೇಲೆ ಕಾರುವವನು. ಆಮೇಲಿನ ಎಪ್ಪತ್ತು ವರ್ಷಗಳ ಸಂಶೋಧನೆ ಈ ಚಿತ್ರವನ್ನು ಬಹುಮಟ್ಟಿಗೆ ಬದಿಗಿಟ್ಟಿತು. ಒಳ್ಳೆಯವರೂ ನೆರೆಹೊರೆಗೆ ಉಪಕಾರಿಗಳೂ ಆದ ಸಾಮಾನ್ಯರು ಯಾವ ಏರ್ಪಾಡಿನೊಳಗೆ ಬದುಕುತ್ತಾರೋ ಆ ಏರ್ಪಾಡಿಗೆ ಒಪ್ಪುವ ನಂಬಿಕೆಗಳನ್ನೇ ಕಟ್ಟಿಕೊಳ್ಳುತ್ತಾರೆ ಎನ್ನುವ ಕಡೆಗೆ ಅದು ವಾಲಿದೆ.

ಈ ವಾಲುವಿಕೆಗೆ ಮುಖ್ಯ ಕಾರಣ ಮನಶ್ಶಾಸ್ತ್ರಜ್ಞ ಹೆನ್ರಿ ತಾಜ್‌ಫೆಲ್. ಪೋಲೆಂಡಿನ ಯಹೂದಿ, ಫ್ರೆಂಚ್ ಸೈನ್ಯದಲ್ಲಿದ್ದು ಜರ್ಮನ್ನರಿಗೆ ಸೆರೆಸಿಕ್ಕಿದ. ತನ್ನ ನಿಜವಾದ ಮೂಲ ಮುಚ್ಚಿಟ್ಟು ಫ್ರೆಂಚನೆಂದು ಹೇಳಿಕೊಂಡದ್ದರಿಂದ ಉಳಿದ. ಊರಿನಲ್ಲಿದ್ದ ಅವನ ಕುಟುಂಬದವರು ಉಳಿಯಲಿಲ್ಲ. ಹೆಸರು, ಮೂಲಗಳ ಮೇಲೆ ಜೀವವೇ ನಿಲ್ಲುವುದನ್ನು ಕಂಡ ಈತ 1970ರ ಹೊತ್ತಿಗೆ ಬ್ರಿಸ್ಟಲಿನಲ್ಲಿ ಶಾಲಾ ಹುಡುಗರ ಮೇಲೆ ಒಂದು ಸರಳ ಪ್ರಯೋಗ ನಡೆಸಿದ. ಕ್ಲೀ ಮತ್ತು ಕ್ಯಾಂಡಿನ್‌ಸ್ಕಿ ಎಂಬ ಇಬ್ಬರು ಕಲಾವಿದರ ಚಿತ್ರಗಳಲ್ಲಿ ಯಾವುದು ಇಷ್ಟವೆಂದು ಕೇಳಿ, ಅದರ ಮೇಲೆ ಗುಂಪು ಮಾಡಿದ್ದೇವೆ ಎಂದು ಅವರಿಗೆ ಹೇಳಲಾಯಿತು. ನಿಜದಲ್ಲಿ ವಿಂಗಡಣೆ ಮನಬಂದಂತೆ ಆಗಿತ್ತು. ತಮ್ಮ ಗುಂಪಿನಲ್ಲಿ ಯಾರಿದ್ದಾರೆ ಎಂಬುದೂ ಹುಡುಗರಿಗೆ ತಿಳಿದಿರಲಿಲ್ಲ. ಆದರೂ ಹಣ ಹಂಚಲು ಕೊಟ್ಟಾಗ ತಮ್ಮ ಗುಂಪಿಗೆ ಹೆಚ್ಚು ಕೊಟ್ಟರು. ಅದಕ್ಕಿಂತ ವಿಚಿತ್ರವೆಂದರೆ, ತಮ್ಮವರಿಗೆ ಬರುವ ಮೊತ್ತ ಸ್ವಲ್ಪ ಕಡಿಮೆಯಾದರೂ ಸರಿ, ಎರಡು ಗುಂಪುಗಳ ನಡುವಿನ ಅಂತರ ದೊಡ್ಡದಾಗಿರಲಿ ಎಂದೇ ಹಲವರು ಆಯ್ದುಕೊಂಡರು. ಕ್ಲೀ ಹೆಸರನ್ನು ಅಂದೇ ಮೊದಲು ಕೇಳಿದ ಹುಡುಗರು ಅವನ ಹೆಸರಿನಲ್ಲಿ ಹೀಗೆ ಮಾಡಬಲ್ಲರಾದರೆ, ತಲೆಮಾರುಗಳ ಹಿಂದಿನಿಂದ ಕುಲದ ಐನ್‌ಮನೆ, ಪಿತೃಗಳ ಕೈಮಡ, ಗದ್ದೆ, ವ್ಯಾಜ್ಯಗಳ ನೆನಪು ಹೊತ್ತ ಹೆಸರುಗಳ ಕೆಲಸ ಎಷ್ಟಿರಬೇಡ!

ಗುಂಪು ಮಾಡುವುದು ಮೊದಲ ಮೆಟ್ಟಿಲು. ಗುಂಪಿಗೆ ಗುಣ ಅಂಟಿಸುವುದು ಎರಡನೆಯದು. ಅಮೆರಿಕದ ಪತ್ರಕರ್ತ ವಾಲ್ಟರ್ ಲಿಪ್‌ಮನ್ 1922ರಲ್ಲಿ ‘ಸ್ಟೀರಿಯೋಟೈಪ್’ ಎಂದು ಕರೆದ ಈ ಸಿದ್ಧಚಿತ್ರಕ್ಕೆ ಕೊಡಗಿಗಿಂತ ಒಳ್ಳೆಯ ಉದಾಹರಣೆ ಕರ್ನಾಟಕದಲ್ಲಿ ಸಿಗುವುದು ಕಷ್ಟ. ಬೆಂಗಳೂರಿನವರಿಗೆ ಕೊಡಗಿನವರೆಂದರೆ ಕೊಡವರು. ಕೊಡವರೆಂದರೆ ಕೋವಿ, ಹಂದಿಮಾಂಸ, ಸೈನ್ಯ. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 5,54,519. ಕೊಡವ ತಕ್ಕ್ ತಾಯ್ನುಡಿ ಎಂದವರು ಇಡೀ ದೇಶದಲ್ಲೇ 1,13,857. ಎಂದರೆ ಕೊಡಗಿನಲ್ಲಿ ಐವರಲ್ಲಿ ನಾಲ್ವರು ಈ ಚಿತ್ರದ ಆಚೆಗಿನವರು: ಗೌಡರು, ಮಾಪಿಳ್ಳೆಗಳು, ಬಂಟರು, ಬಿಲ್ಲವರು, ಐರಿ, ಹೆಗ್ಗಡೆ, ಕುಡಿಯ, ಎರವ, ಜೇನುಕುರುಬ, ಬೆಟ್ಟಕುರುಬ, ಕೆಂಬಟ್ಟಿ. ಚಿತ್ರದೊಳಗೆ ಇರುವವರೂ ಅದಕ್ಕೆ ಪೂರ್ತಿ ಹೊಂದುವವರೇನಲ್ಲ.

ಆ ಚಿತ್ರ ಬರೆದವರು ಯಾರು? 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಬ್ರಿಟಿಷರಿಗೆ ಜನರನ್ನು ಗುಣದ ಪ್ರಕಾರ ಪಟ್ಟಿಮಾಡುವ ಚಪಲವಿತ್ತು. 1861ರಲ್ಲಿ ಕೊಡವರಿಗೆ ಆಯುಧ ಕಾಯ್ದೆಯಿಂದ ವಿನಾಯಿತಿ ಸಿಕ್ಕಿತು. 1870ರಲ್ಲಿ ಜಿ. ರಿಕ್ಟರ್ ಬರೆದ ‘ಮ್ಯಾನ್ಯುವಲ್ ಆಫ್ ಕೂರ್ಗ್’ ಅಂದಿನ ರೂಢಿಯಂತೆ ಒಂದೊಂದು ಜಾತಿಗೂ ಮೈಕಟ್ಟು, ಸ್ವಭಾವ, ನಡತೆ ಹಂಚಿಕೊಟ್ಟಿತು. ಸರಿಯಾಗಿ ಮರುವರ್ಷ, 1871ರಲ್ಲಿ, ಅದೇ ಸರಕಾರ ಅಪರಾಧಿ ಬುಡಕಟ್ಟು ಕಾಯ್ದೆ ತಂದಿತು. ಒಂದು ಸಮುದಾಯ ಹುಟ್ಟಿನಿಂದ ಶೂರ, ಇನ್ನೊಂದು ಹುಟ್ಟಿನಿಂದ ಕಳ್ಳ. ಮುಂದೆ ಕೊರಚ, ಕೊರಮ ಮೊದಲಾದ ಅಲೆಮಾರಿಗಳು ಪೊಲೀಸರ ಪಟ್ಟಿ ಸೇರಿದರು. ಹುಬ್ಬಳ್ಳಿ, ಗದಗಗಳಲ್ಲಿ ಅವರನ್ನು ಕೂಡಿಹಾಕಿದ್ದ ಜಾಗಕ್ಕೆ ಇವತ್ತಿಗೂ ಸೆಟ್ಲ್‌ಮೆಂಟ್ ಎಂದೇ ಹೆಸರು. ಕಾಯ್ದೆ ಹೋದದ್ದು 1952ರಲ್ಲಿ. ಹೊಗಳಿಕೆಯೂ ಬೈಗುಳವೂ ಒಂದೇ ಟಂಕಸಾಲೆಯಿಂದ ಬಂದ ನಾಣ್ಯಗಳೆಂಬುದನ್ನು ಹೊಗಳಿಸಿಕೊಂಡವರು ಗಮನಿಸುವುದು ಕಡಿಮೆ.

ಶೌರ್ಯದ ಚಿತ್ರವನ್ನು ಅದನ್ನು ಬರೆದವರೇ ನಂಬಿ ಪೇಚಿಗೆ ಸಿಕ್ಕ ಪ್ರಸಂಗವೂ ಒಂದಿದೆ. 1902ರಲ್ಲಿ ಮದ್ರಾಸ್ ಸೈನ್ಯದ ಹಳೆಯ ಪಡೆಯೊಂದನ್ನು ಕೊಡಗಿನವರಿಗೆಂದೇ ಮಾರ್ಪಡಿಸಿ ಕೂರ್ಗ್ ರೈಫಲ್ಸ್ ಎಂದು ಹೆಸರಿಟ್ಟರು. ಮರುವರ್ಷ ಅದು 71ನೇ ಕೂರ್ಗ್ ರೈಫಲ್ಸ್ ಆಯಿತು. 1904ರಲ್ಲಿ ಅದನ್ನು ವಿಸರ್ಜಿಸಬೇಕಾಯಿತು. ಸೇರಲು ಬೇಕಾದಷ್ಟು ಜನ ಬರಲಿಲ್ಲ! ಮುಂದೆ ಇದೇ ನೆಲದಿಂದ ಸೇನಾ ಮುಖ್ಯಸ್ಥರಾದ ಕಾರ್ಯಪ್ಪ, ತಿಮ್ಮಯ್ಯ ಬಂದದ್ದು ನಿಜ. ಆದರೆ ಅದಕ್ಕೆ ಶಾಲೆ, ಆಸ್ತಿ, ಸರಕಾರಿ ಸಂಪರ್ಕ, ಮನೆಯಲ್ಲಿ ಆಗಲೇ ಒಬ್ಬ ಸೈನಿಕನಿದ್ದ ಅನುಕೂಲ ಇವನ್ನೆಲ್ಲ ಬಿಟ್ಟು ರಕ್ತವನ್ನಷ್ಟೇ ಕಾರಣ ಮಾಡುವುದು ಸುಲಭದ ಕೆಲಸ. ಕೋವಿ ವಿನಾಯಿತಿ ಈಗಲೂ ಇದೆ. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ವಿನಾಯಿತಿ ಕೊಡವರ ಜೊತೆಗೆ ವಂಶಪಾರಂಪರ್ಯ ಹಕ್ಕಿನ ಜಮ್ಮಾ ಭೂಮಿ ಹೊಂದಿದ ಇತರರಿಗೂ ಸಲ್ಲುತ್ತದೆ ಎಂಬುದು ಜಿಲ್ಲೆಯ ಹೊರಗೆ ಹೆಚ್ಚು ಜನಕ್ಕೆ ಗೊತ್ತಿಲ್ಲ, ಏಕೆಂದರೆ ಅದು ಚಿತ್ರದಲ್ಲಿ ಇಲ್ಲ. ಇನ್ನು ಅದೇ ಕೊಡವ ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುತ್ತಾ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಬೋರ್ಡಿನ ಮುಂದೆ ನಿಂತಾಗ ಶೌರ್ಯದ ಚಿತ್ರ ಕೆಲಸಕ್ಕೆ ಬರುವುದಿಲ್ಲ.

ಮನಶ್ಶಾಸ್ತ್ರಜ್ಞೆ ಸೂಸನ್ ಫಿಸ್ಕ್ ಮತ್ತು ಸಂಗಡಿಗರು 2002ರಲ್ಲಿ ಮಂಡಿಸಿದ ವಾದದ ಪ್ರಕಾರ, ಬೇರೆ ಗುಂಪಿನವರನ್ನು ಕಂಡಾಗ ಮನಸ್ಸು ಎರಡೇ ಪ್ರಶ್ನೆ ಕೇಳುತ್ತದೆ. ಇವರು ನಮಗೆ ಒಳ್ಳೆಯದು ಬಯಸುವವರೇ? ಬಯಸಿದ್ದನ್ನು ಮಾಡುವ ತಾಕತ್ತು ಇವರಿಗೆ ಇದೆಯೇ? ತಾಕತ್ತಿದ್ದು ಒಳ್ಳೆಯದು ಬಯಸದವರ ಮೇಲೆ ಅಸೂಯೆ. ಒಳ್ಳೆಯವರಾದರೂ ಕೈಲಾಗದವರ ಮೇಲೆ ಕನಿಕರ. ಎರಡೂ ಇಲ್ಲವೆಂದು ಎಣಿಸಿದವರ ಮೇಲೆ ತಿರಸ್ಕಾರ. ಕಾಫಿ ತೋಟದ ವರಾಂಡದಲ್ಲಿ ಆದಿವಾಸಿ ಎರವರ ಬಗ್ಗೆ ನಡೆಯುವ ಮಾತನ್ನು ಈ ಚೌಕಟ್ಟಿನಲ್ಲಿಟ್ಟು ನೋಡಬಹುದು. ‘ಪಾಪದವರು, ಮೋಸ ಗೊತ್ತಿಲ್ಲ’ ಎಂಬಲ್ಲಿ ಮಾತು ಶುರುವಾಗುತ್ತದೆ. ‘ಆದರೆ ಕೈಗೆ ಕಾಸು ಬಂದರೆ ಕುಡಿದು ಮಲಗ್ತಾರೆ, ನಾಳೆಯ ಯೋಚನೆ ಇಲ್ಲ’ ಎಂದು ಮುಗಿಯುತ್ತದೆ. ಹೇಳುವವರ ದನಿಯಲ್ಲಿ ಸಿಟ್ಟಿಲ್ಲ, ಒಂದು ಬಗೆಯ ಅಕ್ಕರೆಯೇ ಇದೆ.

ಆ ಅಕ್ಕರೆಯ ಹಿಂದಿನ ಲೆಕ್ಕ ಬೇರೆ. ಹತ್ತೊಂಬತ್ತನೇ ಶತಮಾನದ ಕೊಡಗಿನಲ್ಲಿ ಎರವರು ಕೊಳ್ಳುವ, ಮಾರುವ, ಅಡವಿಡುವ ಆಳುಗಳಾಗಿದ್ದರು. ಗುಲಾಮಗಿರಿಗೆ ಕಾನೂನಿನ ಮಾನ್ಯತೆ ಹೋದದ್ದು 1843ರಲ್ಲಿ, ಜೀತಪದ್ಧತಿ ರದ್ದಾದದ್ದು 1976ರಲ್ಲಿ. ತೋಟದ ಮುಂಗಡ ಹಣ, ತೀರದ ಹಳೆಯ ಸಾಲ, ಲೈನ್ ಮನೆ ಎಂದು ಕರೆಯುವ ತೋಟದ ಸಾಲುಮನೆಯ ವಾಸ ಇವುಗಳಿಗೆ ಯಾವ ದಿನಾಂಕವೂ ತಟ್ಟಲಿಲ್ಲ. ಲೈನ್ ಮನೆಗೆ ಹಕ್ಕುಪತ್ರವಿಲ್ಲ. ಅದು ಮಾಲೀಕರ ಮನೆ; ಕೆಲಸ ಬಿಟ್ಟ ದಿನ ವಾಸವೂ ಹೋಯಿತು. ವಿಳಾಸವಿಲ್ಲದವನಿಗೆ ಪಡಿತರ ಚೀಟಿ ಕಷ್ಟ, ಜಾತಿ ಪ್ರಮಾಣಪತ್ರ ಕಷ್ಟ, ಮಕ್ಕಳನ್ನು ಒಂದೇ ಶಾಲೆಯಲ್ಲಿ ನಿಲ್ಲಿಸುವುದು ಇನ್ನೂ ಕಷ್ಟ. ಆಮೇಲೆ ಜನ ಹೇಳುತ್ತಾರೆ: ‘ಇವರು ಒಂದು ಕಡೆ ನಿಲ್ಲುವವರಲ್ಲ.’

ಥಾಮಸ್ ಪೆಟಿಗ್ರೂ 1979ರಲ್ಲಿ ಗುರುತಿಸಿದ್ದು ಇದೇ ಎಡವಟ್ಟನ್ನು. ನಮ್ಮವನು ಸೋತರೆ ಕಾರಣ ಪರಿಸ್ಥಿತಿ, ಅವರವನು ಸೋತರೆ ಕಾರಣ ಅವರ ಗುಣ. ಕಾಫಿ ಧಾರಣೆ ಬಿದ್ದ ವರ್ಷ ಬ್ಯಾಂಕಿನ ಕಂತು ಕಟ್ಟದ ಬೆಳೆಗಾರ ಮಾರುಕಟ್ಟೆಯ ಬಲಿಪಶು. ಮಳೆಗಾಲದಲ್ಲಿ ಕೆಲಸವಿಲ್ಲದೆ ಮುಂಗಡ ತೀರಿಸಲಾಗದ ಆಳು ಮೈಗಳ್ಳ. ಕುಡಿತದ ವಿಷಯವೂ ಹಾಗೆಯೇ. ಮದುವೆ ಮನೆಯಲ್ಲಿ ಮದ್ಯ ಹಂಚುವುದೇ ಪದ್ಧತಿಯಾಗಿರುವ ಜಿಲ್ಲೆಯಲ್ಲಿ ಕುಡಿತ ಒಂದು ಸಮುದಾಯದ ‘ಗುಣ’ ಆಗುವುದು ಹೇಗೆ ಎಂದು ಯಾರೂ ಕೇಳಿಕೊಂಡಂತಿಲ್ಲ. ಇದಕ್ಕೆ ಜಾನ್ ಜೋಸ್ಟ್ ಮತ್ತು ಮಹ್ಜರೀನ್ ಬಾನಾಜಿ 1994ರಲ್ಲಿ ಇನ್ನೊಂದು ಅಂಶ ಸೇರಿಸಿದರು. ಇರುವ ವ್ಯವಸ್ಥೆ ನ್ಯಾಯವಾದದ್ದು ಎಂದು ನಂಬುವ ಅಗತ್ಯ ಅದರಿಂದ ಲಾಭ ಪಡೆದವರಿಗೆ ಮಾತ್ರವಲ್ಲ, ನಷ್ಟ ಅನುಭವಿಸಿದವರಿಗೂ ಇರುತ್ತದೆ. ಸಿದ್ಧಚಿತ್ರಗಳು ಆ ನಂಬಿಕೆಗೆ ಊರುಗೋಲು ಎಂಬುದು ಅವರ ವಾದ.

ಕನಿಕರ ಎಷ್ಟು ದಿನ? 2016ರ ಡಿಸೆಂಬರಿನಲ್ಲಿ ವಿರಾಜಪೇಟೆ ತಾಲ್ಲೂಕಿನ ದಿಡ್ಡಳ್ಳಿಯಲ್ಲಿ ಅದಕ್ಕೆ ಉತ್ತರ ಸಿಕ್ಕಿತು. ಲೈನ್ ಮನೆಗಳಿಂದ ಹೊರಬಂದು ಕಾಡಂಚಿನ ಜಾಗದಲ್ಲಿ ಗುಡಿಸಲು ಹಾಕಿಕೊಂಡಿದ್ದ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳನ್ನು ಅರಣ್ಯ ಇಲಾಖೆ ಒಕ್ಕಲೆಬ್ಬಿಸಿತು. ತಿಂಗಳುಗಟ್ಟಲೆ ಹೋರಾಟ ನಡೆದು, ಕೊನೆಗೆ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಪುನರ್ವಸತಿ ಕೊಡಲಾಯಿತು. ಆ ತಿಂಗಳುಗಳಲ್ಲಿ ಎರವರ ಚಿತ್ರವೇ ಬದಲಾಯಿತು. ನಿನ್ನೆಯವರೆಗೆ ಮೋಸವರಿಯದ ಪಾಪದವರು, ಇವತ್ತು ಯಾರದೋ ಮಾತು ಕೇಳಿ ಕುಣಿಯುವವರು, ಜಾಗ ಕಬಳಿಸುವವರು. ಅವರು ಕೇಳಿದ್ದು ಸ್ವಂತದ ಒಂದು ಮನೆ. ಕೈಚಾಚಿದಾಗ ಕನಿಕರ ತೋರಿದವರು ಹಕ್ಕು ಎಂದಾಕ್ಷಣ ಮುಖ ತಿರುಗಿಸುವುದು ಫಿಸ್ಕ್ ಅವರ ಕೋಷ್ಟಕದಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ದಾಟಿದಷ್ಟೇ ಸಲೀಸು.

ಹೆಸರಿನ ವಿಷಯಕ್ಕೆ ಮರಳಿದರೆ, ಅದರ ಬೆಲೆಯನ್ನು ಭಾರತದಲ್ಲಿ ಅಳೆದವರಿದ್ದಾರೆ. ಸುಖದೇವ್ ಥೋರಟ್ ಮತ್ತು ಪಾಲ್ ಆಟ್‌ವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪತ್ರಿಕೆಗಳಲ್ಲಿ ಬಂದ 548 ಖಾಸಗಿ ಉದ್ಯೋಗ ಜಾಹೀರಾತುಗಳಿಗೆ 4,808 ಅರ್ಜಿ ಕಳಿಸಲಾಯಿತು. ವಿದ್ಯಾರ್ಹತೆ ಸಮಾನ, ಹೆಸರು ಮಾತ್ರ ಬೇರೆ. ಮೇಲ್ಜಾತಿ ಹಿಂದೂ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಸಂದರ್ಶನದ ಕರೆ ಬರುವ ಸಾಧ್ಯತೆ ಸುಮಾರು ಮೂರರಲ್ಲಿ ಎರಡು ಪಾಲು, ಮುಸ್ಲಿಂ ಹೆಸರಿಗೆ ಮೂರರಲ್ಲಿ ಒಂದು ಪಾಲು. ಅರ್ಜಿ ನೋಡಿದ ಯಾವ ಅಧಿಕಾರಿಯೂ ತಾನು ತಾರತಮ್ಯ ಮಾಡಿದೆನೆಂದು ಒಪ್ಪುವವನಲ್ಲ. ಒಪ್ಪಬೇಕಾದ ಸಂದರ್ಭವೂ ಅವನಿಗೆ ಬರುವುದಿಲ್ಲ.

ಕೊಡಗಿನಲ್ಲಿ ಹೆಸರಿನ ಈ ಲೆಕ್ಕ ಕೆಡಿಸುವ ಒಂದು ಸಮುದಾಯವಿದೆ. ನಾಪೋಕ್ಲು, ವಿರಾಜಪೇಟೆಗಳ ಸುತ್ತ ಇರುವ ಕೊಡವ ಮಾಪಿಳ್ಳೆಗಳು ಧರ್ಮದಿಂದ ಮುಸ್ಲಿಮರು. ಅವರಲ್ಲಿ ಕೊಡವ ಮನೆ ಹೆಸರುಗಳಿವೆ, ಜಮ್ಮಾ ಭೂಮಿಯಿದೆ, ಮಾತು ಕೊಡವ ತಕ್ಕ್. ಮನೆ ಹೆಸರು ಕೇಳಿ ಒಂದು ಲೆಕ್ಕಕ್ಕೆ ಬಂದವನು ಸ್ವಂತ ಹೆಸರು ಕೇಳಿ ತಡವರಿಸುತ್ತಾನೆ. ಹೀಗೆ ಎರಡು ಗುಂಪಿಗೂ ಸೇರಿದ ಮನುಷ್ಯ ಎದುರಿದ್ದಾಗ ಗುಂಪಿನ ಗೆರೆ ಮಸುಕಾಗುತ್ತದೆ ಎಂದು ಪ್ರಯೋಗಾಲಯಗಳೂ ಹೇಳುತ್ತವೆ. ನಾಪೋಕ್ಲಿಗೆ ಹತ್ತಿರದ ಎಮ್ಮೆಮಾಡಿನ ದರ್ಗಾದ ಉರೂಸಿಗೆ ಹಿಂದೂಗಳು ಹರಕೆ ಹೊತ್ತು ಹೋಗುವುದು ಹೊಸ ಸುದ್ದಿಯಲ್ಲ.

ಆದರೆ ಅದೇ ಸೀಮೆಯಲ್ಲಿ, ಭಾಗಮಂಡಲದ ಕಡೆಗೆ, ದೇವಟ್ ಪರಂಬು ಇದೆ. ಟಿಪ್ಪು ಸುಲ್ತಾನನ ಸೈನ್ಯ ಕೊಡವರನ್ನು ಮೋಸದಿಂದ ಸೆರೆಹಿಡಿದು ಕೊಂದ ಜಾಗವೆಂದು ಜನರ ನೆನಪು. ಪ್ರತಿವರ್ಷ ಅಲ್ಲಿ ಸ್ಮರಣೆ ನಡೆಯುತ್ತದೆ. ಸತ್ತವರ, ಸೆರೆಯಾದವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಜಗಳವಿದೆ, ದಾಳಿಗಳ ಬಗ್ಗೆ ಇಲ್ಲ. ಸೈಪ್ರಸ್ ಮೂಲದ ಮನೋವೈದ್ಯ ವಾಮಿಕ್ ವೋಲ್ಕನ್, ಒಂದು ಸಮುದಾಯ ತಲೆಮಾರಿನಿಂದ ತಲೆಮಾರಿಗೆ ಆಯ್ದು ಸಾಗಿಸುವ ಗಾಯದ ಬಗ್ಗೆ ಬರೆದಿದ್ದಾನೆ. ಇತಿಹಾಸದಲ್ಲಿ ನೂರು ಸೋಲುಗಳಿರಬಹುದು. ಯಾವುದೋ ಒಂದು ಗುರುತಿನ ಕೇಂದ್ರವಾಗುತ್ತದೆ, ಮತ್ತು ಅದನ್ನು ಕೆದಕಿದಾಗ ಇನ್ನೂರು ವರ್ಷದ ಹಿಂದಿನದು ನಿನ್ನೆಯದಾಗುತ್ತದೆ. 2015ರಲ್ಲಿ ರಾಜ್ಯ ಸರಕಾರ ಟಿಪ್ಪು ಜಯಂತಿ ಆಚರಿಸಲು ಹೊರಟಾಗ ನವೆಂಬರ್ 10ರಂದು ಮಡಿಕೇರಿಯಲ್ಲಿ ಗಲಭೆಯಾಗಿ ಜೀವಹಾನಿಯಾಯಿತು. 2019ರ ಜುಲೈನಲ್ಲಿ ಹೊಸ ಸರಕಾರ, ವಿರಾಜಪೇಟೆ ಶಾಸಕ ಕೆ.ಜಿ. ಬೋಪಯ್ಯ ಬರೆದ ಪತ್ರದ ಮೇಲೆ ಆಚರಣೆಯನ್ನು ಕೈಬಿಟ್ಟಿತು. ಜಯಂತಿ ಬೇಕೆಂದವರೂ ಬೇಡವೆಂದವರೂ ಹೆಚ್ಚಾಗಿ ಹೊರಗಿನ ರಾಜಕೀಯದ ಭಾಷೆಯಲ್ಲಿ ಮಾತಾಡಿದರು. ಹದಿನೆಂಟನೇ ಶತಮಾನದ ಸುಲ್ತಾನನ ಲೆಕ್ಕವನ್ನು ಸಂತೆಯಲ್ಲಿ ಮೀನು ಮಾರುವವನಿಂದ ವಸೂಲು ಮಾಡುವುದು ಹೇಗೆ ನ್ಯಾಯ ಎಂಬ ಸಣ್ಣ ಪ್ರಶ್ನೆ ಆ ಗದ್ದಲದಲ್ಲಿ ಯಾರ ಕಿವಿಗೂ ಬೀಳಲಿಲ್ಲ.

ದೂರದವರ ನಡುವೆಯೇ ಜಗಳ ಹೆಚ್ಚು ಎಂದೇನಿಲ್ಲ. 2024ರ ಡಿಸೆಂಬರಿನಲ್ಲಿ ಕಟ್ಟೆಮಾಡಿನ ಮಹಾಮೃತ್ಯುಂಜಯ ದೇವಸ್ಥಾನದಲ್ಲಿ ಕೊಡವರ ಸಾಂಪ್ರದಾಯಿಕ ಉಡುಗೆಯಾದ ಕುಪ್ಯಚೇಲೆಗೆ ಅಡ್ಡಿ ಬಂತು. ಸಮಿತಿಯ ವಸ್ತ್ರಸಂಹಿತೆಯ ನೆಪದಲ್ಲಿ ಎದ್ದ ಮಾತು ಕೊಡವ, ಗೌಡ ಸಮುದಾಯಗಳ ನಡುವಿನ ತಕರಾರಾಗಿ ಬೆಳೆಯಿತು. 2025ರ ಫೆಬ್ರುವರಿಯಲ್ಲಿ ಕೊಡವರು ಕುಟ್ಟದಿಂದ ಮಡಿಕೇರಿಗೆ ಪಾದಯಾತ್ರೆ ಹೊರಟರು. ಎರಡೂ ಕಡೆಯವರು ಅದೇ ಕಾಫಿ ಬೆಳೆಯುವವರು, ಅದೇ ಕಾವೇರಿಗೆ ಕೈಮುಗಿಯುವವರು. ಇಷ್ಟು ಹೋಲುವವರ ನಡುವೆ ವ್ಯತ್ಯಾಸ ತೋರಿಸುವ ಸಣ್ಣ ಗುರುತು ದೊಡ್ಡ ಪ್ರತಿಷ್ಠೆಯಾಗುತ್ತದೆ ಎನ್ನುವುದು ತಾಜ್‌ಫೆಲ್ ಶಿಷ್ಯರು ಮತ್ತೆ ಮತ್ತೆ ಕಂಡ ಸಂಗತಿ.

ಈಗ ಈ ಬೆಟ್ಟಗಳಲ್ಲಿ ಎಲ್ಲರೂ ಒಟ್ಟಾಗಿ ‘ಅವರು’ ಎನ್ನುವವರು ಬೇರೆ: ಕಾಫಿ ಕುಯ್ಲಿಗೆ ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡಿನಿಂದ ಬಂದ ಕಾರ್ಮಿಕರು. ಅವರಿಲ್ಲದೆ ಹಣ್ಣು ಗಿಡದಲ್ಲೇ ಒಣಗುತ್ತದೆ ಎಂದು ಬೆಳೆಗಾರರೇ ಹೇಳುತ್ತಾರೆ. ಎಲ್ಲೋ ಒಂದು ಕಳವಾದರೆ ಮೊದಲ ಗುಮಾನಿ ಹೋಗುವುದೂ ಅವರ ಕಡೆಗೇ. ಡೇವಿಡ್ ಹ್ಯಾಮಿಲ್ಟನ್ ಮತ್ತು ರಾಬರ್ಟ್ ಗಿಫರ್ಡ್ 1976ರಲ್ಲಿ ಮಾಡಿದ ಪ್ರಯೋಗ ಇಲ್ಲಿ ನೆನಪಾಗಬೇಕು. ಓದುಗರ ಮುಂದೆ ಎರಡು ಕಲ್ಪಿತ ಗುಂಪುಗಳ ನಡತೆಯ ವಿವರ ಇಟ್ಟರು. ದೊಡ್ಡ ಗುಂಪಿನ ಬಗ್ಗೆ 18 ಒಳ್ಳೆಯ, 8 ಕೆಟ್ಟ ಸಂಗತಿ. ಸಣ್ಣದರ ಬಗ್ಗೆ 9 ಒಳ್ಳೆಯ, 4 ಕೆಟ್ಟ ಸಂಗತಿ. ಪ್ರಮಾಣ ಒಂದೇ. ಆದರೂ ಓದಿದವರು ಸಣ್ಣ ಗುಂಪೇ ಹೆಚ್ಚು ಕೆಟ್ಟದ್ದೆಂದು ತೀರ್ಮಾನಿಸಿದರು. ವಿರಳವಾದ ಗುಂಪು, ವಿರಳವಾದ ಕೆಟ್ಟ ಕೆಲಸ, ಎರಡೂ ಒಟ್ಟಿಗೆ ಕಂಡಾಗ ನೆನಪಿನಲ್ಲಿ ಗಟ್ಟಿಯಾಗಿ ಕೂರುತ್ತವೆ. ಯಾರ ದುರುದ್ದೇಶವೂ ಇಲ್ಲದೆ, ಬರೀ ಎಣಿಕೆಯ ದೋಷದಿಂದ ಒಂದು ಸಮುದಾಯಕ್ಕೆ ಕೆಟ್ಟ ಹೆಸರು ಬರಬಹುದು. ಅದರ ಮೇಲೆ ‘ಬಾಂಗ್ಲಾದವರು’ ಎಂಬ ಗುಮಾನಿ ಸೇರಿದರೆ ಕೆಲಸ ಮುಗಿಯಿತು. 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ಇದೇ ಗುಮಾನಿಯ ಮೇಲೆ ಕಾರ್ಮಿಕರ ಶೆಡ್ಡುಗಳನ್ನು ಕೆಡವಿದರು. ಅಲ್ಲಿ ಇದ್ದವರಲ್ಲಿ ಅಸ್ಸಾಂ, ತ್ರಿಪುರಾದವರಂತೆ ಉತ್ತರ ಕರ್ನಾಟಕದವರೂ ಇದ್ದರು. ಹೈಕೋರ್ಟ್ ಮಧ್ಯಪ್ರವೇಶಿಸಬೇಕಾಯಿತು.

ಹೊರಗಿನ ಗುಂಪಿನವರೆಲ್ಲ ಒಂದೇ ಥರ ಕಾಣುತ್ತಾರೆ. ಇದು ಎಲ್ಲ ಕಡೆಯ ಮನುಷ್ಯರ ದೌರ್ಬಲ್ಯ. ಕೆಲವೊಮ್ಮೆ ಅದು ರಕ್ತ ಹರಿಸುತ್ತದೆ. 2012ರ ಆಗಸ್ಟಿನಲ್ಲಿ ಈಶಾನ್ಯದವರ ಮೇಲೆ ದಾಳಿಯಾಗಲಿದೆ ಎಂಬ ವದಂತಿ ಮೊಬೈಲ್ ಸಂದೇಶಗಳಲ್ಲಿ ಹಬ್ಬಿ ಬೆಂಗಳೂರಿನಿಂದ ಸಾವಿರಾರು ಜನ ಗುವಾಹಟಿ ರೈಲು ಹತ್ತಿದರು. ಅದೇ ದಿನಗಳಲ್ಲಿ ಮೈಸೂರಿನಲ್ಲಿ ಇರಿತಕ್ಕೆ ಒಳಗಾದ ವಿದ್ಯಾರ್ಥಿ ಈಶಾನ್ಯದವನಲ್ಲ, ಟಿಬೆಟನ್. ಕೊಡಗಿನ ಗಡಿಗೆ ಅಂಟಿಕೊಂಡ ಬೈಲುಕುಪ್ಪೆಯಲ್ಲಿ 1961ರಿಂದ ಟಿಬೆಟನ್ನರು ನೆಲೆಸಿದ್ದರೂ ಆ ಮುಖ ಇನ್ನೂ ‘ಹೊರಗಿನ ಮುಖ’ವೇ. 2016ರ ಜನವರಿ 31ರಂದು ಬೆಂಗಳೂರಿನ ಹೊರವಲಯದಲ್ಲಿ ಸುಡಾನಿನ ಒಬ್ಬಾತನ ಕಾರು ಹಾಯ್ದು ಮಹಿಳೆಯೊಬ್ಬರು ಸತ್ತರು. ಆಮೇಲೆ ಆ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಜನ ಎಳೆದು ಹೊಡೆದರು, ಅವಳಿದ್ದ ಕಾರು ಸುಟ್ಟರು. ಬೇರೆ ದೇಶ, ಬೇರೆ ಲಿಂಗ, ಬೇರೆ ಕಾರು. ಗುಂಪಿಗೆ ಮೈಬಣ್ಣವಷ್ಟೇ ಕಂಡಿತ್ತು.

ಚಿತ್ರಕ್ಕೆ ಒಳಗಾದವರ ಮನಸ್ಸಿನಲ್ಲಿ ಏನಾಗುತ್ತದೆ? ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಆರು, ಏಳನೇ ತರಗತಿಯ 321 ಮೇಲ್ಜಾತಿ, 321 ಕೆಳಜಾತಿ ಹುಡುಗರಿಗೆ ಚಕ್ರವ್ಯೂಹದ ಒಗಟು ಬಿಡಿಸಲು ಕೊಟ್ಟರು. ಜಾತಿ ಹೇಳದಿದ್ದಾಗ ಎರಡೂ ಗುಂಪು ಸರಿಸಮ. ಎಲ್ಲರೆದುರು ಹೆಸರಿನೊಂದಿಗೆ ಜಾತಿಯನ್ನೂ ಕೂಗಿ ಹೇಳಿದಾಗ ಕೆಳಜಾತಿಯ ಹುಡುಗರು ಬಿಡಿಸಿದ ಒಗಟುಗಳ ಸಂಖ್ಯೆ ಕುಸಿಯಿತು. ಅಮೆರಿಕದಲ್ಲಿ ಕ್ಲಾಡ್ ಸ್ಟೀಲ್ 1995ರಲ್ಲಿ ಕಪ್ಪು ವಿದ್ಯಾರ್ಥಿಗಳಲ್ಲಿ ಇಂಥದ್ದನ್ನೇ ಕಂಡಿದ್ದ. ಆ ಸಾಲಿನ ಅನೇಕ ಪ್ರಯೋಗಗಳನ್ನು ಮತ್ತೆ ಮಾಡಿನೋಡಿದಾಗ ಪರಿಣಾಮ ಸಣ್ಣದಾಯಿತು ಎಂಬುದನ್ನೂ ಹೇಳಬೇಕು. ಮನಶ್ಶಾಸ್ತ್ರದ ಕೆಲವು ಪ್ರಸಿದ್ಧ ಫಲಿತಾಂಶಗಳಿಗೆ ಈಚೆಗೆ ಈ ಗತಿ ಬಂದಿದೆ. ಆದರೆ ನಮ್ಮ ಶಾಲೆಗಳಲ್ಲಿ ವಿದ್ಯಾರ್ಥಿವೇತನದ ಪಟ್ಟಿ ಓದುವಾಗ ಎಸ್‌ಸಿ, ಎಸ್‌ಟಿ ಮಕ್ಕಳನ್ನು ಎದ್ದುನಿಲ್ಲಿಸುವ ರೂಢಿ ಇರುವವರೆಗೆ ಹಾಫ್ ಮತ್ತು ಪಾಂಡೆ ಅವರ ಪ್ರಯೋಗ ನಡೆಯುತ್ತಲೇ ಇರುತ್ತದೆ ಎನ್ನಬೇಕು.

ಪರಿಹಾರದ ಹುಡುಕಾಟದಲ್ಲಿ ಎಲ್ಲರೂ ಹಿಡಿಯುವ ಮೊದಲ ಹೆಸರು ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್. 1954ರ ತನ್ನ ಗ್ರಂಥದಲ್ಲಿ ಆತ ಹೇಳಿದ್ದು: ಬೇರೆ ಗುಂಪಿನವರು ಬರೀ ಅಕ್ಕಪಕ್ಕ ಇದ್ದರೆ ಸಾಲದು, ಸಮಾನ ಸ್ಥಾನದಲ್ಲಿ, ಒಂದೇ ಗುರಿಗಾಗಿ, ಒಬ್ಬರಿಗೊಬ್ಬರು ನೆರವಾಗುತ್ತಾ, ಹಿರಿಯರ ಮತ್ತು ಕಾನೂನಿನ ಬೆಂಬಲದೊಂದಿಗೆ ಕೂಡಿ ಕೆಲಸ ಮಾಡಬೇಕು. ಪೆಟಿಗ್ರೂ ಮತ್ತು ಲಿಂಡಾ ಟ್ರಾಪ್ 2006ರಲ್ಲಿ 515 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸಂಪರ್ಕ ಹೆಚ್ಚಿದಂತೆ ಪೂರ್ವಗ್ರಹ ತಗ್ಗುವುದು ಬಹುಪಾಲು ಎಲ್ಲ ಕಡೆ ಕಂಡಿತು. ಆದರೆ ಮಾಲೀಕ ಮತ್ತು ಲೈನ್ ಮನೆಯ ಆಳು ಐವತ್ತು ವರ್ಷ ದಿನಾ ಮುಖ ನೋಡಿದರೂ ಅದು ಆಲ್‌ಪೋರ್ಟ್ ಹೇಳಿದ ಸಂಪರ್ಕವಲ್ಲ. ‘ಅವರನ್ನು ನಮಗಿಂತ ಚೆನ್ನಾಗಿ ಯಾರು ಬಲ್ಲರು’ ಎಂಬ ತೋಟದ ಮಾತಿಗೆ ಉತ್ತರ ಆ ‘ಸಮಾನ ಸ್ಥಾನ’ದಲ್ಲಿದೆ.

ಕ್ರೀಡೆಯಲ್ಲಿ ಇದನ್ನು ಪರೀಕ್ಷಿಸಿದ್ದು ಮ್ಯಾಥ್ಯೂ ಲೋ. ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಎಂಟು ಕ್ರಿಕೆಟ್ ಲೀಗ್ ನಡೆಸಿ, 1,261 ಯುವಕರಲ್ಲಿ ಕೆಲವರನ್ನು ಬೆರಕೆ ಜಾತಿಯ ತಂಡಗಳಿಗೆ, ಕೆಲವರನ್ನು ಒಂದೇ ಜಾತಿಯ ತಂಡಗಳಿಗೆ ಹಾಕಿದ. ಇನ್ನು ಕೆಲವರು ಹೊರಗೇ ಉಳಿದರು. 2021ರಲ್ಲಿ ಪ್ರಕಟವಾದ ಫಲಿತಾಂಶ ಸ್ಪಷ್ಟ. ಒಂದೇ ತಂಡದಲ್ಲಿ ಆಡಿದವರಲ್ಲಿ ಜಾತಿ ಮೀರಿದ ಗೆಳೆತನ ಹೆಚ್ಚಿತು. ಎದುರಾಳಿಗಳಾಗಿ ಮಾತ್ರ ಆಡಿದವರಲ್ಲಿ ಅದು ಕುಗ್ಗಿತು. ಇರಾಕಿನಲ್ಲಿ ಸಲ್ಮಾ ಮೂಸಾ ಕ್ರೈಸ್ತ ಫುಟ್‌ಬಾಲ್ ತಂಡಗಳಿಗೆ ಮುಸ್ಲಿಂ ಆಟಗಾರರನ್ನು ಸೇರಿಸಿ ನೋಡಿದಾಗ, ಮೈದಾನದಲ್ಲಿ ಬಾಂಧವ್ಯ ಬೆಳೆದರೂ ಮೈದಾನದ ಹೊರಗಿನ ಅಪರಿಚಿತ ಮುಸ್ಲಿಮರವರೆಗೆ ಅದು ಅಷ್ಟಾಗಿ ಹೋಗಲಿಲ್ಲ. ಈ ಎರಡರ ಬೆಳಕಿನಲ್ಲಿ ಕೊಡಗಿನ ಕಪ್‌ಗಳನ್ನು ನೋಡಿದರೆ, ಅಲ್ಲಿ ಬೇರೆ ಸಮುದಾಯದವನು ಎದುರಾಳಿಯಾಗಿಯೂ ಸಿಗುವುದಿಲ್ಲ. ಚದುರಿದ ಕುಟುಂಬವನ್ನು ಒಟ್ಟುಗೂಡಿಸುವ ಆ ಉತ್ಸವ ನಿಲ್ಲಬೇಕೆಂದು ಯಾರೂ ಹೇಳರು. ಅದರ ಪಕ್ಕದಲ್ಲಿ ನಾಡಿಗೊಂದು, ಗ್ರಾಮಕ್ಕೊಂದು ಬೆರಕೆ ತಂಡದ ಪಂದ್ಯಾವಳಿಗೂ ಅಷ್ಟೇ ದುಡ್ಡು, ಅಷ್ಟೇ ಪ್ರಚಾರ ಸಿಗಬಾರದೇಕೆ ಎಂದು ಕೇಳಬಹುದು. ಸರಕಾರ ಈಗಾಗಲೇ ಸಮುದಾಯದ ಕಪ್‌ಗಳಿಗೆ ನೆರವು ಕೊಡುತ್ತದೆ.

ಉಪನ್ಯಾಸ, ಕಮ್ಮಟ, ಕಂಪನಿಗಳ ಒಂದು ದಿನದ ತರಬೇತಿ ಇವುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಎಲಿಜಬೆತ್ ಲೆವಿ ಪಾಲಕ್ ಮತ್ತು ಸಂಗಡಿಗರು 2021ರಲ್ಲಿ ಪೂರ್ವಗ್ರಹ ತಗ್ಗಿಸುವ 418 ಪ್ರಯೋಗಗಳನ್ನು ಪರಿಶೀಲಿಸಿದರು. ಮುಕ್ಕಾಲು ಪಾಲು ಹಗುರ ಕ್ರಮಗಳು. ಅವುಗಳ ಪರಿಣಾಮ ಉಳಿಯುತ್ತದೆ ಎಂಬುದಕ್ಕೆ ಆಧಾರ ತೀರಾ ಕಡಿಮೆ.

ಉಳಿದದ್ದು ಶಾಲೆ. ದೆಹಲಿಯ ಶ್ರೀಮಂತ ಖಾಸಗಿ ಶಾಲೆಗಳಲ್ಲಿ ಬಡ ಮಕ್ಕಳಿಗೆ ಸೀಟು ಕಡ್ಡಾಯವಾದ ಮೇಲೆ ಏನಾಯಿತೆಂದು ಗೌತಮ್ ರಾವ್ ಅಧ್ಯಯನ ಮಾಡಿ 2019ರಲ್ಲಿ ಪ್ರಕಟಿಸಿದ. ಬಡ ಸಹಪಾಠಿಗಳಿದ್ದ ಶ್ರೀಮಂತ ಮಕ್ಕಳು ಹೆಚ್ಚು ಉದಾರಿಗಳಾದರು, ಬಡ ಮಕ್ಕಳ ಬಗ್ಗೆ ತಾರತಮ್ಯ ಕಡಿಮೆ ಮಾಡಿದರು. ಇಂಗ್ಲಿಷ್ ಅಂಕ ಸ್ವಲ್ಪ ಇಳಿಯಿತು, ಗಣಿತ, ಹಿಂದಿಯಲ್ಲಿ ವ್ಯತ್ಯಾಸವಾಗಲಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಶೇ 25ರ ಸೀಟು ಕರ್ನಾಟಕದಲ್ಲೂ ಇತ್ತು. 2018ರ ಕೊನೆಯಲ್ಲಿ ರಾಜ್ಯ ನಿಯಮ ತಿದ್ದಿತು: ನೆರೆಯಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯ ಸೀಟು ಸಿಗುವುದಿಲ್ಲ. 2019ರಲ್ಲಿ ಹೈಕೋರ್ಟ್ ತಿದ್ದುಪಡಿಯನ್ನು ಒಪ್ಪಿತು. ಸರಕಾರಿ ಶಾಲೆ ಉಳಿಸುವುದು ಸರಕಾರ ಕೊಟ್ಟ ಕಾರಣ. ಕೊಡಗಿನಲ್ಲಿ ಆದಿವಾಸಿ ಹಾಡಿಯ ಮಕ್ಕಳು ಗಿರಿಜನ ಆಶ್ರಮ ಶಾಲೆಗೆ ಹೋಗುತ್ತಾರೆ. ಅಲ್ಲಿ ಊಟ, ವಸತಿ ಇದೆ. ಬೇರೆ ಜಾತಿಯ ಸಹಪಾಠಿ ಇರುವುದು ಅಪರೂಪ. ತೋಟದ ಮಾಲೀಕರ ಮಕ್ಕಳ ಬಸ್ಸು ಬೆಳಿಗ್ಗೆಯೇ ಮಡಿಕೇರಿ, ಗೋಣಿಕೊಪ್ಪದ ಇಂಗ್ಲಿಷ್ ಶಾಲೆಗಳ ಕಡೆ ಹೊರಟಿರುತ್ತದೆ. ಊರಿನ ಸರಕಾರಿ ಶಾಲೆಯ ಬೆಂಚಿನಲ್ಲಿ ಅಸ್ಸಾಮಿನಿಂದ ಬಂದ ಕಾರ್ಮಿಕನ ಮಗ, ಮಾಪಿಳ್ಳೆ ಅಂಗಡಿಯವನ ಮಗಳು, ಕೆಂಬಟ್ಟಿ ಹುಡುಗ ಒಟ್ಟಿಗೆ ಕೂರುತ್ತಾರೆ. ತೋಟವಿರುವವರ ಮನೆಯ ಮಗು ಮಾತ್ರ ಆ ಬೆಂಚಿನಲ್ಲಿಲ್ಲ.